ಹೊಸ ಕಂಪ್ಯೂಟರ್‌ಗಳಲ್ಲಿ ಉಚಿತ ಬ್ರೈಲ್ ಲಿಪ್ಯಂತರ ತಂತ್ರಾಂಶ: ದೋಷ ಪತ್ತೆ ಮತ್ತು ನಿವಾರಣೆ

ಬ್ರೈಲ್ ಲಿಪ್ಯಂತರದ ಬಗ್ಗೆ ಬರುವ ದೂರು ಬಹುಪಾಲು ಒಂದೇ ಮಾತಿನಲ್ಲಿರುತ್ತದೆ: ಹಳೆಯ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿತ್ತು, ಹೊಸದಕ್ಕೆ ಬದಲಾದ ಮೇಲೆ ಕೆಲಸ ಮಾಡುತ್ತಿಲ್ಲ. ಈ ಒಂದು ಮಾತಿನ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ದೋಷಗಳು ಅಡಗಿರಬಹುದು. ತಂತ್ರಾಂಶ ತೆರೆಯದೆಯೇ ಇರಬಹುದು. ತೆರೆದರೂ ತನ್ನ ಕೋಷ್ಟಕ (ಯಾವ ಅಕ್ಷರಕ್ಕೆ ಯಾವ ಚುಕ್ಕಿಗಳು ಎಂಬ ನಿಯಮಗಳ ಕಡತ) ಸಿಗದೆ ನಿಂತುಬಿಟ್ಟಿರಬಹುದು. ಕೊಟ್ಟ ಪಠ್ಯವನ್ನೇ ತಪ್ಪಾಗಿ ಓದಿಕೊಂಡಿರಬಹುದು. ಇಲ್ಲವೇ ಲಿಪ್ಯಂತರ ಸರಿಯಾಗಿ ನಡೆದು, ಬ್ರೈಲ್ ಚುಕ್ಕಿಗಳನ್ನು ಹಾಳೆಯ ಮೇಲೆ ಉಬ್ಬಿಸಿ ಮುದ್ರಿಸುವ ಎಂಬಾಸರ್‌ಗೆ ಹೋಗುವ ದಾರಿಯಲ್ಲಿ ಕಡತ ಕೆಟ್ಟಿರಬಹುದು. ಹೊರಬಂದ ಹಾಳೆಯನ್ನು ಬೆರಳಿನಿಂದ ಓದುವವರಿಗೆ ಕೊನೆಯ ಎರಡೂ ಒಂದೇ ರೀತಿಯ ಗೊಂದಲವಾಗಿ ಕಾಣುವುದರಿಂದ, ‘ಲಿಪ್ಯಂತರವೇ ಕೆಟ್ಟದು’ ಎಂದು ತೀರ್ಮಾನಿಸಿ ತಂತ್ರಾಂಶವನ್ನು ತೆಗೆದುಹಾಕಿ ಮತ್ತೆ ಮತ್ತೆ ಹಾಕುವವರೇ ಹೆಚ್ಚು. ಹಾಗೆ ಮರುಸ್ಥಾಪಿಸುವುದರಿಂದ ಸರಿಹೋದ ಪ್ರಸಂಗಗಳು ನನ್ನ ಅನುಭವದಲ್ಲಿ ಬಹಳ ಕಡಿಮೆ.

ಆದ್ದರಿಂದ ಮೊದಲು ಒಂದು ಪರೀಕ್ಷಾ ಕಡತವನ್ನು ಸಿದ್ಧಪಡಿಸಿಕೊಳ್ಳಬೇಕು. ಅದರಲ್ಲಿ ‘ಕನ್ನಡ’ ಎಂಬ ಒಂದೇ ಪದವಿದ್ದರೆ ಸಾಕು. ಭಾರತೀಯ ಭಾಷೆಗಳ ಬ್ರೈಲ್ ಕ್ರಮವಾದ ಭಾರತಿ ಬ್ರೈಲ್‌ನಲ್ಲಿ ಈ ಪದಕ್ಕೆ ಐದು ಕೋಶಗಳು (ಒಂದು ಕೋಶವೆಂದರೆ 1ರಿಂದ 6ರವರೆಗೆ ಸಂಖ್ಯೆಯಿರುವ ಆರು ಚುಕ್ಕಿಗಳ ಜಾಗ): ‘ಕ’ಕ್ಕೆ 1-3 ಚುಕ್ಕಿಗಳು, ಒತ್ತಕ್ಷರ ಬರಲಿದೆ ಎಂದು ಸೂಚಿಸುವ ಹಲಂತಕ್ಕೆ 4ನೆಯ ಚುಕ್ಕಿ, ನಂತರ ಎರಡು ಬಾರಿ ‘ನ’ಕ್ಕೆ 1-3-4-5, ಕೊನೆಗೆ ‘ಡ’ಕ್ಕೆ 1-2-4-6. ಬರಹದಲ್ಲಿ ಹಲಂತವು ವ್ಯಂಜನದ ನಂತರ ಬರುತ್ತದೆ, ಬ್ರೈಲ್‌ನಲ್ಲಿ ಮೊದಲೇ ಬರುತ್ತದೆ. ಆದ್ದರಿಂದ ಲಿಪ್ಯಂತರದ ನಿಯಮಗಳು ನಿಜವಾಗಿ ಕೆಲಸ ಮಾಡುತ್ತಿವೆಯೇ, ಅಥವಾ ಅಕ್ಷರಕ್ಕೆ ಅಕ್ಷರ ಬದಲಿಸಲಾಗುತ್ತಿದೆಯೇ ಎಂಬುದು ಈ ಒಂದು ಪದದಿಂದಲೇ ತಿಳಿದುಬಿಡುತ್ತದೆ. ಎಂಬಾಸರ್‌ಗೆ ಕಳುಹಿಸುವ ಬಿಆರ್‌ಎಫ್ ಕಡತದಲ್ಲಿ ಇದೇ ಪದ ಇಂಗ್ಲಿಷಿನ ಕೆ, ಅಟ್ ಚಿಹ್ನೆ, ಎರಡು ಎನ್, ಡಾಲರ್ ಚಿಹ್ನೆ ಎಂದು ಕಾಣುತ್ತದೆ. ಅದನ್ನು ಕಂಡು ಗಾಬರಿಪಡಬೇಕಾಗಿಲ್ಲ. ಬಿಆರ್‌ಎಫ್‌ನಲ್ಲಿ 63 ಕೋಶಗಳಿಗೂ ಖಾಲಿ ಕೋಶಕ್ಕೂ ಒಂದೊಂದು ಆಸ್ಕಿ ಚಿಹ್ನೆ ನಿಗದಿಯಾಗಿರುತ್ತದೆ, ಅಷ್ಟೆ. ಮುಂದಿನ ಪ್ರತಿ ಹಂತದಲ್ಲಿಯೂ ಈ ಐದು ಚಿಹ್ನೆಗಳು ಹಾಗೆಯೇ ಉಳಿದಿವೆಯೇ ಎಂದು ನೋಡುತ್ತ ಹೋದರೆ, ಅವು ಎಲ್ಲಿ ಕೆಟ್ಟವೋ ದೋಷ ಅಲ್ಲಿಯೇ ಇದೆ.

ತಂತ್ರಾಂಶ ತೆರೆಯದೇ ಇದ್ದಾಗ

‘ಈ ತಂತ್ರಾಂಶ ನಿಮ್ಮ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ’ ಎಂಬ ಅರ್ಥದ ಸಂದೇಶವನ್ನು ವಿಂಡೋಸ್ ತೋರಿಸಿದರೆ, ಅದು ವಿಂಡೋಸ್‌ಗೆ ಮೊದಲು ಬಳಕೆಯಲ್ಲಿದ್ದ ಡಾಸ್ ಕಾಲದ ತಂತ್ರಾಂಶವೇ ಎಂಬುದನ್ನು ಮೊದಲು ನೋಡಬೇಕು. ಅಮೆರಿಕದ ನ್ಯಾಷನಲ್ ಫೆಡರೇಷನ್ ಆಫ್ ದಿ ಬ್ಲೈಂಡ್ ಸಂಸ್ಥೆ ಉಚಿತವಾಗಿ ಹಂಚಿದ ಎನ್‌ಎಫ್‌ಬಿ ಟ್ರಾನ್ಸ್ ಇಂಥ ತಂತ್ರಾಂಶಗಳಲ್ಲಿ ಪ್ರಸಿದ್ಧವಾದುದು. ವಿಂಡೋಸ್‌ನಲ್ಲಿ ಡಾಸ್ ತಂತ್ರಾಂಶಗಳನ್ನು ನಡೆಸುತ್ತಿದ್ದ ಎನ್‌ಟಿವಿಡಿಎಂ ಎಂಬ ಭಾಗ 32-ಬಿಟ್ ಆವೃತ್ತಿಗಳಲ್ಲಿ ಮಾತ್ರ ಇತ್ತು. ಪ್ರೊಸೆಸರ್ 64-ಬಿಟ್ ಸ್ಥಿತಿಯಲ್ಲಿ ಓಡುವಾಗ, ಹಳೆಯ 8086 ಪ್ರೊಸೆಸರ್‌ನಂತೆ ನಟಿಸುವ ಸೌಲಭ್ಯವೇ ಅದಕ್ಕೆ ಇರುವುದಿಲ್ಲವಾದ್ದರಿಂದ, ಆ ಭಾಗವನ್ನು 64-ಬಿಟ್ ವಿಂಡೋಸ್‌ಗೆ ತರಲಿಲ್ಲ. 2021ರಲ್ಲಿ ಬಂದ ವಿಂಡೋಸ್ 11ಕ್ಕೆ 32-ಬಿಟ್ ಆವೃತ್ತಿಯೇ ಇಲ್ಲ. ಹೀಗಾಗಿ ಕಡತದ ಗುಣಲಕ್ಷಣಗಳಲ್ಲಿ ‘ಹೊಂದಾಣಿಕೆ ವಿಧಾನ’ವನ್ನು ಆರಿಸುವುದು, ನಿರ್ವಾಹಕರಾಗಿ ನಡೆಸುವುದು ಮೊದಲಾದ ಉಪಾಯಗಳಿಂದ ಇಲ್ಲಿ ಪ್ರಯೋಜನವಿಲ್ಲ, ಅವುಗಳ ಮೇಲೆ ಸಮಯ ಕಳೆಯಬಾರದು. ಒಂದು ಮಾತನ್ನು ಮಾತ್ರ ನೆನಪಿಡಬೇಕು: 32-ಬಿಟ್ ವಿಂಡೋಸ್‌ಗಾಗಿ ಬರೆದ ತಂತ್ರಾಂಶ ಎಷ್ಟೇ ಹಳೆಯದಾದರೂ 64-ಬಿಟ್ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ನಡೆಯುತ್ತದೆ. ತೊಡಕಿರುವುದು ವಯಸ್ಸಿನಲ್ಲಲ್ಲ, ಅದು ಡಾಸ್‌ನದೇ ಅಥವಾ 16-ಬಿಟ್‌ನದೇ ಎಂಬುದರಲ್ಲಿ.

ಡಾಸ್ ತಂತ್ರಾಂಶವನ್ನೇ ನಡೆಸಬೇಕಾದರೆ ಎಲ್ಲರೂ ಮೊದಲು ಸೂಚಿಸುವುದು ಡಾಸ್‌ಬಾಕ್ಸ್. ಅದು ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ಓಡುತ್ತದೆ, ಮತ್ತು ಹಳೆಯ ಯಂತ್ರವನ್ನು ಪೂರ್ತಿಯಾಗಿ ಅನುಕರಿಸುತ್ತದೆ. ಆದರೆ ದೃಷ್ಟಿಯಿಲ್ಲದವರಿಗೆ ಇದರಲ್ಲಿ ಒಂದು ದೊಡ್ಡ ಅಡಚಣೆಯಿದೆ, ಅದನ್ನು ಸೂಚಿಸುವವರು ಸಾಮಾನ್ಯವಾಗಿ ಹೇಳುವುದಿಲ್ಲ: ಡಾಸ್‌ಬಾಕ್ಸ್ ತನ್ನ ಪರದೆಯನ್ನು ಚಿತ್ರವಾಗಿ ಬರೆಯುತ್ತದೆ. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅಲ್ಲಿ ಅಕ್ಷರಗಳೇ ಸಿಗುವುದಿಲ್ಲ. ಬ್ರೈಲ್ ತಂತ್ರಾಂಶವನ್ನು ಅಂಧರು ಸ್ವತಃ ಬಳಸಲಾಗದಂತೆ ಸ್ಥಾಪಿಸಿಕೊಡುವುದು ವಿಚಿತ್ರವಾದರೂ ನಡೆಯುತ್ತಲೇ ಇರುವ ಸಂಗತಿ. ಎರಡು ದಾರಿಗಳಿವೆ. ತಂತ್ರಾಂಶಕ್ಕೆ ಬೇಕಾದ ಆಜ್ಞೆಗಳನ್ನೆಲ್ಲ ಡಾಸ್‌ಬಾಕ್ಸ್‌ನ ಸಂರಚನಾ ಕಡತದ ಕೊನೆಯ ಭಾಗದಲ್ಲಿ ಮೊದಲೇ ಬರೆದಿಟ್ಟು, ಅದು ತೆರೆದು, ಲಿಪ್ಯಂತರ ಮಾಡಿ, ತಾನೇ ಮುಚ್ಚಿಕೊಳ್ಳುವಂತೆ ಮಾಡುವುದು ಒಂದು. ಪರದೆಯನ್ನು ಓದುವ ಅಗತ್ಯವೇ ಆಗ ಬರುವುದಿಲ್ಲ. ಎಂಎಸ್-ಡಾಸ್ ಪ್ಲೇಯರ್ ಎಂಬ ಇನ್ನೊಂದು ಅನುಕರಣ ತಂತ್ರಾಂಶವನ್ನು ಬಳಸುವುದು ಎರಡನೆಯದು. ಅದು ವಿಂಡೋಸ್‌ನ ಸಾಮಾನ್ಯ ಕಮಾಂಡ್ ಪ್ರಾಂಪ್ಟ್ ಕಿಟಕಿಯಲ್ಲಿಯೇ ಓಡುವುದರಿಂದ ಅಲ್ಲಿನ ಅಕ್ಷರಗಳು ಸ್ಕ್ರೀನ್ ರೀಡರ್‌ಗೆ ಸಿಗುತ್ತವೆ. ಪ್ರಶ್ನೆ ಕೇಳಿ ಉತ್ತರ ಪಡೆಯುವ ಸರಳ ತಂತ್ರಾಂಶಗಳಿಗೆ ನಾನು ಎರಡನೆಯದನ್ನೇ ಮೊದಲು ಪ್ರಯತ್ನಿಸುತ್ತೇನೆ.

ಡಾಸ್‌ಬಾಕ್ಸ್ ಬಳಸುವವರು ಮೂರು ವಿಷಯಗಳಲ್ಲಿ ಎಚ್ಚರ ವಹಿಸಬೇಕು. ಇಡೀ ಸಿ ಡ್ರೈವನ್ನು ಜೋಡಿಸದೆ ಬ್ರೈಲ್ ಕೆಲಸಕ್ಕಾಗಿಯೇ ಒಂದು ಫೋಲ್ಡರನ್ನು ಮಾಡಿ ಅದನ್ನಷ್ಟೇ ಜೋಡಿಸಬೇಕು. ಕಡತದ ಹೆಸರು ಎಂಟು ಅಕ್ಷರಗಳನ್ನೂ, ಚುಕ್ಕಿಯ ನಂತರದ ಭಾಗ ಮೂರು ಅಕ್ಷರಗಳನ್ನೂ ಮೀರಬಾರದು. ಮೀರಿದರೆ ಹೆಸರು ಮೊಟಕಾಗಿ, ನಡುವೆ ಅಲೆಗೆರೆಯ ಚಿಹ್ನೆಯೊಂದು ಸೇರಿ, ‘ಕಡತ ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಇನ್ನು, ಡಾಸ್‌ಬಾಕ್ಸ್ ತೆರೆದಿರುವಾಗಲೇ ವಿಂಡೋಸ್ ಕಡೆಯಿಂದ ಹೊಸ ಕಡತವನ್ನು ಆ ಫೋಲ್ಡರಿಗೆ ಹಾಕಿದರೆ ಅದು ಒಳಗೆ ಕಾಣದೇ ಇರಬಹುದು. ಕಂಟ್ರೋಲ್ ಮತ್ತು ಎಫ್4 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪಟ್ಟಿ ಹೊಸದಾಗುತ್ತದೆ. ಪ್ಯಾಸ್ಕಲ್ ಭಾಷೆಯಲ್ಲಿ ಬರೆದ ಕೆಲವು ಹಳೆಯ ಡಾಸ್ ಉಪಕರಣಗಳು ತೆರೆದ ಕೂಡಲೇ ‘ರನ್‌ಟೈಮ್ ಎರರ್ 200’ ಎಂದು ನಿಂತುಬಿಡುವುದುಂಟು. ಅದು ಪ್ರೊಸೆಸರ್‌ನ ವೇಗ ಹೆಚ್ಚಾದ್ದರಿಂದ ಬರುವ ಭಾಗಾಕಾರದ ದೋಷ. ಡಾಸ್‌ಬಾಕ್ಸ್‌ನ ವೇಗವನ್ನು ಇಳಿಸಿದರೆ ನಿಲ್ಲುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಹೊಸ ಕೆಲಸಕ್ಕೆ ಡಾಸ್ ತಂತ್ರಾಂಶವನ್ನು ಎಬ್ಬಿಸುವುದು ಬೇಡವೆಂಬುದೇ ನನ್ನ ಅಭಿಪ್ರಾಯ. ಹಳೆಯ ಪುಸ್ತಕವೊಂದನ್ನು ಹಳೆಯ ಕ್ರಮದಲ್ಲಿಯೇ ಮತ್ತೆ ಅಚ್ಚು ಹಾಕಬೇಕಾದಾಗ ಅದು ಬೇಕಾಗುತ್ತದೆ. ಉಳಿದ ಕೆಲಸಗಳಿಗೆ ಲಿಪ್ಯಂತರದ ಮುಕ್ತ ಆಕರ ಸಂಗ್ರಹವಾದ ಲಿಬ್‌ಲೂಯಿ ಇದೆ. 2002ರಲ್ಲಿ ಆರಂಭವಾದ, ಲೂಯಿ ಬ್ರೈಲ್ ಅವರ ಹೆಸರನ್ನೇ ಹೊತ್ತ ಈ ಸಂಗ್ರಹ ಎನ್‌ವಿಡಿಎ ಸ್ಕ್ರೀನ್ ರೀಡರ್‌ನ ಒಳಗೂ, ಬ್ರೈಲ್‌ಬ್ಲಾಸ್ಟರ್, ಸಾವೊ ಮಾಯ್ ಬ್ರೈಲ್ ಮುಂತಾದ ಉಚಿತ ತಂತ್ರಾಂಶಗಳ ಒಳಗೂ ಕೆಲಸ ಮಾಡುತ್ತದೆ.

ಇವುಗಳಲ್ಲಿಯೂ ತೆರೆಯದಿರುವ ದೋಷ ಬರುತ್ತದೆ, ಆದರೆ ಕಾರಣ ಬೇರೆ. ‘ದೋಷ ಸಂಖ್ಯೆ 193’ ಅಥವಾ ‘ಇದು ಸರಿಯಾದ ವಿನ್32 ತಂತ್ರಾಂಶವಲ್ಲ’ ಎಂದು ಬಂದರೆ, 64-ಬಿಟ್ ತಂತ್ರಾಂಶವು 32-ಬಿಟ್ ಲಿಬ್‌ಲೂಯಿ ಕಡತವನ್ನು ಎತ್ತಿಕೊಳ್ಳಲು ಹೋಗಿದೆ, ಅಥವಾ ಅದರ ತಿರುವುಮುರುವು ನಡೆದಿದೆ ಎಂದೇ ತಿಳಿಯಬಹುದು. ಎರಡೂ ಒಂದೇ ಬಗೆಯವಾಗಿರಬೇಕು. ಲಿಬ್ರೆ ಆಫೀಸ್‌ಗೆ ಜೋಡಿಸುವ ಜಾವಾ ಆಧಾರಿತ ಬ್ರೈಲ್ ವಿಸ್ತರಣೆಗಳಿಗೂ ಇದೇ ನಿಯಮ: ಲಿಬ್ರೆ ಆಫೀಸ್ 64-ಬಿಟ್ ಆಗಿದ್ದರೆ ಜಾವಾ ಕೂಡ 64-ಬಿಟ್ ಆಗಿರಲೇಬೇಕು. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾ ಆವೃತ್ತಿಯಿಂದ ಮುಂದಕ್ಕೆ 32-ಬಿಟ್ ತಂತ್ರಾಂಶಗಳು ತೆರೆಯುವುದೇ ಇಲ್ಲ.

ತೆರೆಯುತ್ತದೆ, ಆದರೆ ಕೋಷ್ಟಕ ಸಿಗುವುದಿಲ್ಲ

ಹಳೆಯ ತಂತ್ರಾಂಶಗಳು ತಮ್ಮ ಸಂರಚನೆಯನ್ನು ತಾವಿರುವ ಫೋಲ್ಡರಿನಲ್ಲಿಯೇ ಬರೆದುಕೊಳ್ಳುವ ಅಭ್ಯಾಸದವು. ವಿಸ್ತಾ ಆವೃತ್ತಿಯಿಂದ ಈಚೆಗೆ ‘ಪ್ರೋಗ್ರಾಂ ಫೈಲ್ಸ್’ ಒಳಗೆ ಹಾಗೆ ಬರೆಯಲು ವಿಂಡೋಸ್ ಬಿಡುವುದಿಲ್ಲ. ಹಳೆಯ 32-ಬಿಟ್ ತಂತ್ರಾಂಶ ಬರೆಯಲು ಹೋದಾಗ ‘ಆಗಲಿ’ ಎನ್ನುವಂತೆ ನಟಿಸಿ, ಆ ಕಡತವನ್ನು ಬಳಕೆದಾರರ ಖಾತೆಯ ಒಳಗಿರುವ ‘ವರ್ಚುವಲ್ ಸ್ಟೋರ್’ ಎಂಬ ಫೋಲ್ಡರಿನಲ್ಲಿ ಇಟ್ಟುಬಿಡುತ್ತದೆ. ಇದರಿಂದ, ಒಬ್ಬರ ಖಾತೆಯಲ್ಲಿ ತಿದ್ದಿದ ಕೋಷ್ಟಕ ಇನ್ನೊಬ್ಬರ ಖಾತೆಯಲ್ಲಿ ಹಳೆಯದಾಗಿಯೇ ಉಳಿಯುತ್ತದೆ. ಮೂಲ ಫೋಲ್ಡರಿನ ಕಡತವನ್ನು ಎಷ್ಟು ಸರಿಪಡಿಸಿದರೂ ತಂತ್ರಾಂಶ ಮಾತ್ರ ತನ್ನ ಗುಟ್ಟಿನ ಪ್ರತಿಯನ್ನೇ ಓದುತ್ತಿರುತ್ತದೆ. ನಿವಾರಣೆ ಸುಲಭವಾದುದು: ತಂತ್ರಾಂಶವನ್ನು ‘ಪ್ರೋಗ್ರಾಂ ಫೈಲ್ಸ್’ನಿಂದ ಹೊರಗೆ, ಇಂಗ್ಲಿಷ್ ಅಕ್ಷರಗಳ ಗಿಡ್ಡ ಹೆಸರಿರುವ ಬೇರೆ ಫೋಲ್ಡರಿನಲ್ಲಿ ಇಟ್ಟು, ವರ್ಚುವಲ್ ಸ್ಟೋರ್‌ನಲ್ಲಿ ಉಳಿದಿರುವ ಪ್ರತಿಯನ್ನು ಅಳಿಸಬೇಕು. ಬಳಕೆದಾರರ ಹೆಸರು ಕನ್ನಡದಲ್ಲಿದ್ದು, ಅದರೊಳಗಿನ ಫೋಲ್ಡರಿನಲ್ಲಿ ಕೋಷ್ಟಕಗಳಿದ್ದರೂ ಕೆಲವು ತಂತ್ರಾಂಶಗಳು ಎಡವುತ್ತವೆ. ಇದಕ್ಕೂ ಮದ್ದು ಅದೇ.

ಲಿಬ್‌ಲೂಯಿಯನ್ನು ಕಮಾಂಡ್ ಪ್ರಾಂಪ್ಟ್‌ನಿಂದ ನೇರವಾಗಿ ಬಳಸುವವರು, ಕೋಷ್ಟಕಗಳು ಎಲ್ಲಿವೆ ಎಂಬುದನ್ನು ‘ಲೂಯಿ ಟೇಬಲ್ ಪಾತ್’ ಎಂಬ ಪರಿಸರ ಚರದಲ್ಲಿ ತಿಳಿಸಬಹುದು. ಕೋಷ್ಟಕ ತನ್ನೊಳಗೆ ಬೇರೆ ಕೋಷ್ಟಕಗಳನ್ನು ಕರೆದುಕೊಳ್ಳುತ್ತದೆಂಬುದನ್ನು ಮರೆತು ಒಂದೇ ಕಡತವನ್ನು ಮಾತ್ರ ಹೊಸ ಯಂತ್ರಕ್ಕೆ ನಕಲಿಸುವುದು ಇಲ್ಲಿನ ಸಾಮಾನ್ಯ ತಪ್ಪು. ನಕಲಿಸುವುದಾದರೆ ಇಡೀ ಕೋಷ್ಟಕಗಳ ಫೋಲ್ಡರನ್ನೇ ನಕಲಿಸಬೇಕು. ಸಂಗ್ರಹದ ಜೊತೆಗೇ ಬರುವ ಕೋಷ್ಟಕ ಪರೀಕ್ಷಕ ಆಜ್ಞೆಯಿಂದ ಒಮ್ಮೆ ಪರೀಕ್ಷಿಸಿಬಿಟ್ಟರೆ ಯಾವ ಸಾಲಿನಲ್ಲಿ ದೋಷವಿದೆ ಎಂಬುದನ್ನೂ ಅದು ಹೇಳುತ್ತದೆ.

ಲಿಪ್ಯಂತರವಾಗುತ್ತದೆ, ಆದರೆ ತಪ್ಪಾಗಿ

ಬಹುಮಟ್ಟಿಗೆ ದೋಷಗಳು ಹುಟ್ಟುವುದು ಇಲ್ಲಿ, ಮತ್ತು ಬಹುಮಟ್ಟಿಗೆ ತಪ್ಪು ಲಿಪ್ಯಂತರದ್ದಲ್ಲ, ಕೊಟ್ಟ ಪಠ್ಯದ್ದು.

ಕನ್ನಡ ಪಠ್ಯದ ಮಟ್ಟಿಗೆ ಮೊದಲ ಶಂಕೆ ಯಾವಾಗಲೂ ಫಾಂಟ್ ಮೇಲೆ ಇರಬೇಕು. ಯೂನಿಕೋಡ್‌ಗೆ ಮೊದಲಿನ ಆಸ್ಕಿ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ‘ಕನ್ನಡ’ ಎಂಬ ಪದ ಕಣ್ಣಿಗೆ ಕನ್ನಡವಾಗಿಯೇ ಕಂಡರೂ, ಕಡತದ ಒಳಗೆ ಅದು ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ ಮುಂತಾದ ಏಳು ಚಿಹ್ನೆಗಳ ಸಾಲಾಗಿರುತ್ತದೆ. ಲಿಪ್ಯಂತರ ತಂತ್ರಾಂಶ ಫಾಂಟನ್ನು ನೋಡುವುದಿಲ್ಲ, ಚಿಹ್ನೆಯನ್ನು ಮಾತ್ರ ನೋಡುತ್ತದೆ. ಆದ್ದರಿಂದ ಆ ಪಿಯನ್ನೂ ಎಯನ್ನೂ ಪ್ರಾಮಾಣಿಕವಾಗಿ ಬ್ರೈಲ್‌ಗೆ ಇಳಿಸುತ್ತದೆ. ಪತ್ತೆ ಮಾಡಲು ಪಠ್ಯವನ್ನು ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿದರೆ ಸಾಕು: ಅಲ್ಲಿಯೂ ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್, ವಿಚಿತ್ರ ಚಿಹ್ನೆಗಳಾದರೆ ಮೊದಲು ಯೂನಿಕೋಡ್ ಪರಿವರ್ತಕಕ್ಕೆ ಕೊಡಬೇಕು. ಸ್ಕ್ರೀನ್ ರೀಡರ್ ಬಳಸುವವರಿಗೆ ಇದು ಇನ್ನೂ ಬೇಗ ತಿಳಿಯುತ್ತದೆ, ಏಕೆಂದರೆ ಅಂಥ ಪಠ್ಯವನ್ನು ಅದು ಕನ್ನಡವಾಗಿ ಓದುವುದೇ ಇಲ್ಲ.

ಪಠ್ಯ ಯೂನಿಕೋಡ್‌ನಲ್ಲಿಯೇ ಇದ್ದು, ಕೆಲವು ಪದಗಳ ನಡುವೆ ಮಾತ್ರ ಅರ್ಥವಿಲ್ಲದ ಆರೇಳು ಕೋಶಗಳು ನುಸುಳಿದರೆ, ಅಗೋಚರ ಚಿಹ್ನೆಗಳನ್ನು ಶಂಕಿಸಬೇಕು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ವ’ ಒತ್ತಾಗದಿರಲೆಂದು ನಡುವೆ ಒಂದು ಕಾಣದ ಚಿಹ್ನೆಯನ್ನು ಹಾಕಿರುತ್ತೇವೆ. ಯೂನಿಕೋಡ್‌ನಲ್ಲಿ ಅದರ ಹದಿನಾರಂಶ ಸಂಖ್ಯೆ 200ಸಿ. ಕೋಷ್ಟಕದಲ್ಲಿ ಆ ಚಿಹ್ನೆಗೆ ನಿಯಮವಿಲ್ಲದಿದ್ದರೆ ಲಿಬ್‌ಲೂಯಿ ಅದನ್ನು ಬಿಟ್ಟುಬಿಡುವುದಿಲ್ಲ, ಅದರ ಸಂಖ್ಯೆಯನ್ನೇ ಬ್ರೈಲ್‌ನಲ್ಲಿ ಬರೆದಿಡುತ್ತದೆ. ಓದುವವರಿಗೆ ಕಿರಿಕಿರಿಯಾದರೂ ಇದೊಂದು ಒಳ್ಳೆಯ ನಡವಳಿಕೆ: ಯಾವ ಚಿಹ್ನೆ ಅದಕ್ಕೆ ಅರ್ಥವಾಗಲಿಲ್ಲ ಎಂಬುದು ಹಾಳೆಯ ಮೇಲೆಯೇ ದಾಖಲಾಗಿರುತ್ತದೆ. ಆ ಚಿಹ್ನೆಯನ್ನು ಪಠ್ಯದಿಂದ ತೆಗೆಯಬಹುದು, ಆದರೆ ತೆಗೆದರೆ ಮೂಲ ಪಠ್ಯದಲ್ಲಿ ಒತ್ತಕ್ಷರಗಳು ಕೂಡಿಕೊಳ್ಳುತ್ತವೆಯಾದ್ದರಿಂದ ಪಠ್ಯದ ನಕಲಿನ ಮೇಲೆ ಮಾತ್ರ ಈ ಕೆಲಸ ಮಾಡಬೇಕು. ಕೋಷ್ಟಕದ ಹೊಸ ಆವೃತ್ತಿಯನ್ನು ಹಾಕಿಕೊಳ್ಳುವುದು ಇದಕ್ಕಿಂತ ಉತ್ತಮ.

ಡಾಸ್ ತಂತ್ರಾಂಶಕ್ಕೆ ಇಂಗ್ಲಿಷ್ ಪಠ್ಯವನ್ನು ಕೊಡುವವರಿಗೆ ಇದೇ ತೊಂದರೆ ಬೇರೆ ವೇಷದಲ್ಲಿ ಬರುತ್ತದೆ. 2019ರ ಮೇ ತಿಂಗಳ ವಿಂಡೋಸ್ 10 ಪರಿಷ್ಕರಣೆಯಿಂದ ನೋಟ್‌ಪ್ಯಾಡ್ ತಾನಾಗಿಯೇ ಯುಟಿಎಫ್-8 ಎಂಬ ಯೂನಿಕೋಡ್ ಸಂಕೇತ ಕ್ರಮದಲ್ಲಿ ಉಳಿಸುತ್ತದೆ. ಬಾಗಿದ ಉದ್ಧರಣ ಚಿಹ್ನೆಯೊಂದು ಅದರಲ್ಲಿ ಮೂರು ಬೈಟ್‌ಗಳಾಗುತ್ತದೆ. ಡಾಸ್‌ನ ಚಿಹ್ನೆಗಳ ಪಟ್ಟಿಯಾದ ಕೋಡ್ ಪುಟ 437 ಆ ಮೂರನ್ನೂ ಬಿಡಿಬಿಡಿಯಾಗಿ ಓದಿ ಗ್ರೀಕ್ ಗ್ಯಾಮಾ, ಬಾಲವಿರುವ ಸಿ, ತಲೆಯ ಮೇಲೆ ಎರಡು ಚುಕ್ಕಿಯಿರುವ ಓ ಎಂದುಕೊಳ್ಳುತ್ತದೆ. ಕಡತದ ಮೊಟ್ಟಮೊದಲಲ್ಲಿ ಮಾತ್ರ ಮೂರು ಅಪರಿಚಿತ ಚಿಹ್ನೆಗಳು ಬಂದರೆ ಅದು ಯುಟಿಎಫ್-8ರ ಗುರುತು ಬೈಟ್‌ಗಳದ್ದು. ಎರಡಕ್ಕೂ ಪರಿಹಾರವೆಂದರೆ ಬಾಗಿದ ಉದ್ಧರಣಗಳನ್ನೂ ಉದ್ದನೆಯ ಗೆರೆಗಳನ್ನೂ ನೇರವಾದವುಗಳಿಗೆ ಬದಲಿಸಿ, ‘ಆನ್ಸಿ’ ಎಂದು ಆರಿಸಿ ಉಳಿಸುವುದು.

ಪಠ್ಯವೂ ಸರಿ, ಚಿಹ್ನೆಗಳೂ ಸರಿ, ಆದರೂ ಓದುವವರು ‘ಇದು ತಪ್ಪು’ ಎನ್ನುತ್ತಿದ್ದರೆ, ಇಂಗ್ಲಿಷಿನ ಯಾವ ಬ್ರೈಲ್ ಕ್ರಮದಲ್ಲಿ ಲಿಪ್ಯಂತರವಾಗಿದೆ ಎಂದು ನೋಡಬೇಕು. ಹಳೆಯ ತಂತ್ರಾಂಶಗಳು ಬಳಸುವುದು ಹಿಂದಿನ ಅಮೆರಿಕನ್ ಕ್ರಮವನ್ನು. ಅಮೆರಿಕವೇ 2016ರ ಜನವರಿ 4ರಂದು ಏಕೀಕೃತ ಇಂಗ್ಲಿಷ್ ಬ್ರೈಲ್‌ಗೆ ಬದಲಾಯಿತು. ಹೊಸ ಕ್ರಮದಲ್ಲಿ ಒಂಬತ್ತು ಸಂಕೋಚನಗಳನ್ನು (ಹಲವು ಅಕ್ಷರಗಳ ಬದಲಿಗೆ ಬರುವ ಚಿಕ್ಕ ರೂಪಗಳನ್ನು) ಕೈಬಿಡಲಾಗಿದೆ. ಅವುಗಳಲ್ಲಿ ಒಂದರಿಂದಲೇ ಪರೀಕ್ಷೆ ನಡೆಸಬಹುದು: ‘ಟೇಬಲ್’ ಎಂಬ ಇಂಗ್ಲಿಷ್ ಪದವನ್ನು ಲಿಪ್ಯಂತರಿಸಿದಾಗ ಅದರ ಕೊನೆಯ ಮೂರು ಅಕ್ಷರಗಳು 3-4-5-6 ಚುಕ್ಕಿಗಳ ಒಂದೇ ಕೋಶವಾಗಿ ಬಂದರೆ ಅದು ಹಳೆಯ ಕ್ರಮ, ಐದು ಅಕ್ಷರಗಳಿಗೂ ಐದು ಕೋಶಗಳಿದ್ದರೆ ಹೊಸದು. ಹೊಸ ಕ್ರಮವನ್ನು ಮಾತ್ರ ಕಲಿತವರಿಗೆ 3-4-5-6 ಎಂದರೆ ಅಂಕಿಯ ಚಿಹ್ನೆ, ಆದ್ದರಿಂದ ಅವರು ಪದದ ತುದಿಯಲ್ಲಿ ಅಂಕಿಯನ್ನು ನಿರೀಕ್ಷಿಸಿ ತಬ್ಬಿಬ್ಬಾಗುವುದು ಸಹಜ. ಇದು ದೋಷವಲ್ಲ, ಕೋಷ್ಟಕದ ಆಯ್ಕೆ. ಲಿಬ್‌ಲೂಯಿಯಲ್ಲಿ ಎರಡೂ ಕ್ರಮಗಳ ಕೋಷ್ಟಕಗಳಿದ್ದು, ಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿ ಕಾಣುವುದರಿಂದ ಕೈತಪ್ಪಿ ಹಳೆಯದನ್ನು ಆರಿಸುವುದೂ ಉಂಟು.

ಕಡತ ಸರಿಯಿದೆ, ಹಾಳೆ ಸರಿಯಿಲ್ಲ

ಪರೀಕ್ಷಾ ಕಡತದಲ್ಲಿ ಐದು ಚಿಹ್ನೆಗಳೂ ಸರಿಯಾಗಿದ್ದು ಹಾಳೆಯಲ್ಲಿ ತಪ್ಪಾಗಿದ್ದರೆ, ಲಿಪ್ಯಂತರ ತಂತ್ರಾಂಶವನ್ನು ಇನ್ನು ಮುಟ್ಟಬಾರದು.

ಒಮ್ಮೆ ನನ್ನದೇ ಕೆಲಸದಲ್ಲಿ, ಲಿಪ್ಯಂತರದ ಫಲಿತವನ್ನು ಪವರ್‌ಶೆಲ್ ಕಿಟಕಿಯಲ್ಲಿ ಬಾಣದ ಚಿಹ್ನೆಯಿಂದ ಕಡತಕ್ಕೆ ತಿರುಗಿಸಿ ಎಂಬಾಸರ್‌ಗೆ ಕಳುಹಿಸಿದೆ. ನೋಟ್‌ಪ್ಯಾಡ್‌ನಲ್ಲಿ ಕಡತ ಅಚ್ಚುಕಟ್ಟಾಗಿತ್ತು. ಹಾಳೆಯ ಮೇಲಿದ್ದುದು ಗೊಂದಲ. ಅರ್ಧ ದಿನ ಕೇಬಲ್ಲನ್ನೂ ಡ್ರೈವರನ್ನೂ ಬದಲಿಸುತ್ತ ಕಳೆದ ಮೇಲೆ ಕಡತದ ಗಾತ್ರವನ್ನು ನೋಡಿದೆ: ಇರಬೇಕಾದದ್ದಕ್ಕಿಂತ ಸುಮಾರು ಎರಡರಷ್ಟು. ವಿಂಡೋಸ್ ಜೊತೆಗೆ ಬರುವ ಪವರ್‌ಶೆಲ್ 5.1 ಹಾಗೆ ತಿರುಗಿಸಿದ್ದನ್ನು ಯುಟಿಎಫ್-16ರಲ್ಲಿ ಬರೆಯುತ್ತದೆ. ಪ್ರತಿ ಚಿಹ್ನೆಯ ಪಕ್ಕದಲ್ಲಿಯೂ ಒಂದು ಸೊನ್ನೆ ಬೈಟ್ ಕುಳಿತಿರುತ್ತದೆ. ಅದೇ ಪವರ್‌ಶೆಲ್ ಕೊಳವೆಯ ಮೂಲಕ ಕನ್ನಡ ಪಠ್ಯವನ್ನು ಬೇರೆ ತಂತ್ರಾಂಶಕ್ಕೆ ಕೊಡುವಾಗ ಪ್ರತಿ ಅಕ್ಷರವನ್ನೂ ಪ್ರಶ್ನಾರ್ಥಕ ಚಿಹ್ನೆಯಾಗಿಸುತ್ತದೆ. ಈ ಕೆಲಸಕ್ಕೆ ಹಳೆಯ ಕಮಾಂಡ್ ಪ್ರಾಂಪ್ಟೇ ಮೇಲು. ಬಿಆರ್‌ಎಫ್ ಕಡತದ ಗಾತ್ರವನ್ನು ಬೈಟ್‌ಗಳಲ್ಲಿ ನೋಡುವ ಅಭ್ಯಾಸ ಅಂದಿನಿಂದ ನನಗೆ ಅಂಟಿಕೊಂಡಿದೆ.

ಬಿಆರ್‌ಎಫ್ ಕಡತವನ್ನು ವರ್ಡ್‌ನಂಥ ಪದಸಂಸ್ಕಾರಕದಲ್ಲಿ ತೆರೆದು ತಿದ್ದುವುದೂ ಅಷ್ಟೇ ಅಪಾಯಕಾರಿ. ನೇರ ಉದ್ಧರಣ ಚಿಹ್ನೆ ಬಿಆರ್‌ಎಫ್‌ನಲ್ಲಿ 5ನೆಯ ಚುಕ್ಕಿ, ಒಂಟಿ ಉದ್ಧರಣ 3ನೆಯ ಚುಕ್ಕಿ. ತಿದ್ದುವಾಗ ಪದಸಂಸ್ಕಾರಕ ಅವುಗಳನ್ನು ಅಂದಕ್ಕಾಗಿ ಬಾಗಿಸಿಬಿಟ್ಟರೆ ಆ ಕೋಶಗಳು ಕೆಡುತ್ತವೆ.

ಸಾಲುಗಳ ವಿನ್ಯಾಸ ಕೆಟ್ಟಿದ್ದರೆ ಬೆರಳೇ ಕಾರಣವನ್ನು ಹೇಳುತ್ತದೆ. ಒಂದು ತುಂಬಿದ ಸಾಲು, ಅದರ ಕೆಳಗೆ ನಾಲ್ಕಾರು ಕೋಶಗಳ ತುಂಡು ಸಾಲು, ಮತ್ತೆ ತುಂಬಿದ ಸಾಲು ಎಂದು ಬರುತ್ತಿದ್ದರೆ, ತಂತ್ರಾಂಶವು ಸಾಲಿಗೆ 40 ಕೋಶಗಳನ್ನು ಲೆಕ್ಕ ಹಾಕಿದೆ, ಎಂಬಾಸರ್‌ಗೆ ಅಷ್ಟು ಹಿಡಿಯುತ್ತಿಲ್ಲ. 40 ಕೋಶ, 25 ಸಾಲು ಎಂಬುದು 11 ಅಂಗುಲ ಎತ್ತರ, 11.5 ಅಂಗುಲ ಅಗಲದ ಹಾಳೆಯ ಅಳತೆ. ಕಿರಿದಾದ ಹಾಳೆಗೆ ಅದನ್ನು ತಗ್ಗಿಸಬೇಕು. ವಿಂಡೋಸ್‌ನ ‘ಜೆನೆರಿಕ್ ಟೆಕ್ಸ್ಟ್ ಓನ್ಲಿ’ ಡ್ರೈವರ್ ಬಳಸುವಾಗ ನೋಟ್‌ಪ್ಯಾಡ್‌ನಿಂದ ಮುದ್ರಿಸಿದರೆ, ಅದರ ಅಂಚುಗಳೂ ತಲೆಬರಹವೂ ಪುಟ ಸಂಖ್ಯೆಯೂ ಸೇರಿಕೊಂಡು ಇದೇ ಲಕ್ಷಣ ಕಾಣಬಹುದು. ಅವನ್ನು ಪುಟ ವಿನ್ಯಾಸದಲ್ಲಿ ಸೊನ್ನೆಗೆ ತರಬೇಕು ಅಥವಾ ಖಾಲಿ ಬಿಡಬೇಕು. ಪ್ರತಿ ಪುಟದ ಮೊದಲ ಸಾಲು ಒಂದೊಂದೇ ಸಾಲು ಕೆಳಗಿಳಿಯುತ್ತ ಹೋದರೆ ಪುಟದ ಸಾಲುಗಳ ಸಂಖ್ಯೆಯಲ್ಲಿ ತಂತ್ರಾಂಶಕ್ಕೂ ಎಂಬಾಸರ್‌ಗೂ ಒಂದರ ವ್ಯತ್ಯಾಸವಿದೆ. ಎರಡು ಪುಟಗಳ ನಡುವೆ ಖಾಲಿ ಹಾಳೆ ಬಂದರೆ ಪುಟ ಬದಲಿಸುವ ಆಜ್ಞೆಯನ್ನು ತಂತ್ರಾಂಶ, ಎಂಬಾಸರ್ ಎರಡೂ ಕೊಡುತ್ತಿವೆ.

ಹಳೆಯ ಎಂಬಾಸರ್ ಹೊಸ ಕಂಪ್ಯೂಟರಿಗೆ ಜೋಡಣೆಯಾಗುವುದೇ ಇನ್ನೊಂದು ಕಥೆ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬದಲಿಸುವ ಕೇಬಲ್ಲು ವಿಂಡೋಸ್‌ಗೆ ಒಂದು ಯುಎಸ್‌ಬಿ ಪ್ರಿಂಟರಾಗಿ ಕಾಣುತ್ತದೆಯೇ ಹೊರತು ಎಲ್‌ಪಿಟಿ1 ಎಂಬ ಪ್ಯಾರಲಲ್ ಪೋರ್ಟಾಗಿ ಅಲ್ಲ. ಎಲ್‌ಪಿಟಿ1ಕ್ಕೆ ಬರೆಯುವ ಡಾಸ್ ತಂತ್ರಾಂಶಕ್ಕೆ ಅದು ಇದ್ದೂ ಇಲ್ಲದಂತೆ. ಮೂಲ ಡಾಸ್‌ಬಾಕ್ಸ್‌ನಲ್ಲಿ ಪ್ಯಾರಲಲ್ ಪೋರ್ಟಿನ ಸೌಲಭ್ಯವೂ ಇಲ್ಲ. ಎಂಬಾಸರನ್ನು ಹಂಚಿಕೆಯ ಪ್ರಿಂಟರಾಗಿಸಿ ಎಲ್‌ಪಿಟಿ1ರ ಹೆಸರನ್ನು ಅದಕ್ಕೆ ತಿರುಗಿಸುವ ಆಜ್ಞೆ ವಿಂಡೋಸ್‌ನಲ್ಲಿದೆ, ಆದರೆ ಡಾಸ್ ತಂತ್ರಾಂಶ ಕಡತಕ್ಕೆ ಬರೆಯುವಂತೆ ಮಾಡಿ, ಆ ಕಡತವನ್ನು ವಿಂಡೋಸ್ ಕಡೆಯಿಂದ ಕಳುಹಿಸುವುದು ಹೆಚ್ಚು ಭರವಸೆಯ ದಾರಿ.

ಸೀರಿಯಲ್ ಪೋರ್ಟಿನ ಎಂಬಾಸರ್‌ಗಳಲ್ಲಿ, ಪರೀಕ್ಷಾ ಪದ ಸರಿಯಾಗಿ ಬಂದು ಉದ್ದನೆಯ ಕಡತದಲ್ಲಿ ಮಾತ್ರ ನಡುನಡುವೆ ಸಾಲುಗಳು ಮಾಯವಾಗುತ್ತಿದ್ದರೆ, ಅದು ಕೈಕುಲುಕುವಿಕೆಯ ದೋಷ: ಎಂಬಾಸರ್ ‘ತಾಳು’ ಎಂದು ಹೇಳಿದ್ದನ್ನು ಕಂಪ್ಯೂಟರ್ ಕೇಳಿಸಿಕೊಳ್ಳದೆ ಕಳುಹಿಸುತ್ತಲೇ ಇದೆ. ಮೊದಲ ಪುಟ ಶುದ್ಧವಾಗಿದ್ದು ಆಮೇಲಿನವು ಕೆಡುವುದು ಇದರ ಖಚಿತ ಲಕ್ಷಣ, ಏಕೆಂದರೆ ಎಂಬಾಸರ್‌ನ ಸ್ಮೃತಿ ತುಂಬುವವರೆಗೆ ಏನೂ ನಷ್ಟವಾಗುವುದಿಲ್ಲ. ಎಂಬಾಸರ್‌ನ ಕೈಪಿಡಿಯಲ್ಲಿರುವ ವೇಗ, ಬಿಟ್‌ಗಳ ಸಂಖ್ಯೆ, ಕೈಕುಲುಕುವಿಕೆಯ ಬಗೆ ಈ ಮೂರನ್ನೂ ವಿಂಡೋಸ್‌ನ ಪೋರ್ಟ್ ಸಂಯೋಜನೆಯಲ್ಲಿ ಹಾಗೆಯೇ ನಮೂದಿಸಿ, ಹತ್ತು ಪುಟದ ಕಡತವೊಂದನ್ನು ಕಳುಹಿಸಿ ಕೊನೆಯ ಪುಟವನ್ನು ಓದಿ ನೋಡಬೇಕು.